ಮತದಾರನ ಬಳಿಗೆ ಮತಪೆಟ್ಟಿಗೆ ಬರುವ ದೇಶದಲ್ಲಿ

ಊರಿಗೆ ಬಂದಾಗಲೆಲ್ಲ ಬಂಧುಗಳು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ‘ನಿಮ್ಮ ಆಸ್ಟ್ರೇಲಿಯಾದಲ್ಲಿ ಓಟು ಹಾಕದಿದ್ದರೆ ದಂಡ ಕಟ್ಟಬೇಕಂತೆ, ಹೌದೇ?’ ಹೌದು. ಇಲ್ಲಿನ ಸಂಸತ್ ಚುನಾವಣೆಯಲ್ಲಿ ಸಕಾರಣವಿಲ್ಲದೆ ಮತ ಚಲಾಯಿಸದವರಿಗೆ 20 ಡಾಲರ್ ದಂಡ ವಿಧಿಸುತ್ತಾರೆ. ಹೋಟೆಲಿನಲ್ಲಿ ಒಬ್ಬರು ಒಂದು ಹೊತ್ತು ಉಂಡರೆ ಖರ್ಚಾಗುವಷ್ಟು ಹಣವಷ್ಟೇ. ಉತ್ತರ ಕೇಳಿದವರಲ್ಲಿ ಕೆಲವರು ‘ನಮ್ಮಲ್ಲೂ ಹಾಗೇ ಆಗಬೇಕು, ಆಗ ಎಲ್ಲರಿಗೂ ಬುದ್ಧಿ ಬರುತ್ತದೆ’ ಎನ್ನುತ್ತಾರೆ. ಮತ್ತೆ ಕೆಲವರು ‘ಒತ್ತಾಯದಿಂದ ಹಾಕಿಸುವುದು ಎಂಥ ಪ್ರಜಾಪ್ರಭುತ್ವ’ ಎಂದು ಮೂಗು ಮುರಿಯುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ಮೆಲ್ಬರ್ನ್ ನಗರದಲ್ಲಿ ವೃದ್ಧರ ಚಿಕಿತ್ಸೆಯಲ್ಲಿ ತೊಡಗಿರುವ ನನಗೆ ಈ ಎರಡು ಮಾತುಗಳೂ ಅರ್ಧ ಸತ್ಯವೆಂದು ತೋರುತ್ತವೆ. ದಂಡವೆಂಬುದು ಈ ವ್ಯವಸ್ಥೆಯ ಕಣ್ಣಿಗೆ ಬೀಳುವ ತುದಿ ಮಾತ್ರ. ಅದರ ಬುಡ ಬೇರೆಡೆ ಇದೆ.

ಮೊದಲು ಸ್ವಲ್ಪ ಇತಿಹಾಸ. 1922ರ ಆಸ್ಟ್ರೇಲಿಯಾ ಸಂಸತ್ ಚುನಾವಣೆಯಲ್ಲಿ ಮತ ಹಾಕಿದವರು ಶೇ 60ಕ್ಕಿಂತ ಕಡಿಮೆ. ಇದರಿಂದ ಕಳವಳಗೊಂಡ ಟಾಸ್ಮೇನಿಯಾದ ಸೆನೆಟರ್ ಹರ್ಬರ್ಟ್ ಪೇನ್ 1924ರಲ್ಲಿ ಮತದಾನವನ್ನು ಕಡ್ಡಾಯಗೊಳಿಸುವ ಖಾಸಗಿ ಮಸೂದೆಯೊಂದನ್ನು ಮಂಡಿಸಿದರು. ಹೆಚ್ಚಿನ ಚರ್ಚೆಯಿಲ್ಲದೆಯೇ ಅದು ಕಾನೂನಾಯಿತು. 1925ರ ಚುನಾವಣೆಯಲ್ಲಿ ಮತದಾನದ ಪ್ರಮಾಣ ಶೇ 91 ದಾಟಿತು. ಆ ಬಳಿಕ ಸುಮಾರು ಒಂದು ಶತಮಾನ ಕಾಲ ಅದು ಶೇ 90ರ ಕೆಳಗೆ ಇಳಿಯಲೇ ಇಲ್ಲ. 2022ರಲ್ಲಿ ಮೊದಲ ಬಾರಿಗೆ ಕೂದಲೆಳೆಯಷ್ಟು ಇಳಿದಾಗ ಇಲ್ಲಿನ ಪತ್ರಿಕೆಗಳು ಅದನ್ನೇ ಸುದ್ದಿ ಮಾಡಿದವು.

ಇಪ್ಪತ್ತು ಡಾಲರ್ ಹೆದರಿಕೆಯೊಂದರಿಂದಲೇ ಇಷ್ಟು ಜನ ಬರುತ್ತಾರೆಂದು ನನಗೆ ಅನ್ನಿಸುವುದಿಲ್ಲ. ‘ನೀನು ಬರಲೇಬೇಕು’ ಎಂದು ಪ್ರಜೆಗೆ ಆಜ್ಞಾಪಿಸಿದ ದಿನವೇ ‘ನೀನು ಬರಲು ಇರುವ ಅಡ್ಡಿಗಳನ್ನೆಲ್ಲ ನಾನು ತೆಗೆಯುತ್ತೇನೆ’ ಎಂಬ ಹೊಣೆಯೂ ಸರ್ಕಾರದ ಹೆಗಲೇರಿತು. ಕಡ್ಡಾಯವೆಂಬುದು ಇಲ್ಲಿ ಎರಡು ಕಡೆಯ ಕರಾರು. ಊರಿನವರು ಕೇಳಿಸಿಕೊಳ್ಳುವುದು ಅದರ ಒಂದು ಕಡೆಯನ್ನು ಮಾತ್ರ.

ಮೂರು ಪ್ರಶ್ನೆಗಳು, ಒಂದು ಪೆನ್ಸಿಲ್

ಇಲ್ಲಿ ಸಂಸತ್ ಚುನಾವಣೆ ನಡೆಯುವುದು ಶನಿವಾರವೇ. ಕಾನೂನೇ ಹಾಗೆ ಹೇಳುತ್ತದೆ. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಶಾಲೆಗಳಲ್ಲಿ, ಚರ್ಚುಗಳ ಸಭಾಂಗಣಗಳಲ್ಲಿ ಮತಗಟ್ಟೆಗಳು ತೆರೆದಿರುತ್ತವೆ. ಒಳಗೆ ಹೋದವರನ್ನು ಸಿಬ್ಬಂದಿ ಕೇಳುವುದು ಮೂರೇ ಪ್ರಶ್ನೆ: ಪೂರ್ಣ ಹೆಸರೇನು, ವಿಳಾಸವೇನು, ಈ ಚುನಾವಣೆಯಲ್ಲಿ ಈಗಾಗಲೇ ಮತ ಹಾಕಿದ್ದೀರಾ? ಗುರುತಿನ ಚೀಟಿ ಕೇಳುವುದಿಲ್ಲ. ಬೆರಳಿಗೆ ಶಾಯಿ ಹಚ್ಚುವುದಿಲ್ಲ. ಮೈಸೂರಿನ ಶಾಯಿಯ ಗುರುತನ್ನು ಹೆಮ್ಮೆಯಿಂದ ತೋರಿಸುತ್ತ ಬೆಳೆದ ನನ್ನಂಥವರಿಗೆ ಮೊದಲ ಸಲ ಇದು ಏನೋ ಕೊರತೆಯೆಂದೇ ಅನ್ನಿಸಿತ್ತು. ಎರಡು ಸಲ ಮತ ಹಾಕಿದವರನ್ನು ಚುನಾವಣೆಯ ನಂತರ ಪಟ್ಟಿಗಳನ್ನು ತಾಳೆ ನೋಡಿ ಪತ್ತೆ ಹಚ್ಚುತ್ತಾರೆ. ರಟ್ಟಿನ ಮರೆಯೊಳಗೆ ಒಂದು ಪೆನ್ಸಿಲ್ ಇಟ್ಟಿರುತ್ತಾರೆ. ಮತಯಂತ್ರವಿಲ್ಲ, ಎಲ್ಲವೂ ಕಾಗದದ ಮೇಲೆಯೇ.

ಹೊರಗೆ ಬಂದರೆ ಶಾಲೆಯ ಪೋಷಕರ ಸಂಘದವರು ನಿಧಿ ಸಂಗ್ರಹಕ್ಕೆಂದು ಸಾಸೇಜ್ ಸುಡುತ್ತಿರುತ್ತಾರೆ. ‘ಡೆಮಾಕ್ರಸಿ ಸಾಸೇಜ್’ ಎಂಬ ಪದ ಎಷ್ಟು ಮನೆಮಾತಾಯಿತೆಂದರೆ 2016ರಲ್ಲಿ ಇಲ್ಲಿನ ರಾಷ್ಟ್ರೀಯ ನಿಘಂಟು ಕೇಂದ್ರ ಅದನ್ನು ವರ್ಷದ ಪದವೆಂದು ಆರಿಸಿತು. ಸಸ್ಯಾಹಾರಿಯಾದ ನನ್ನ ಪಾಲಿಗೆ ಬರುವುದು ಬ್ರೆಡ್ಡಿನ ಮೇಲೆ ಹುರಿದ ಈರುಳ್ಳಿ. ಅದೂ ರುಚಿಯಾಗಿಯೇ ಇರುತ್ತದೆ.

ಇದು ಕಾಲಲ್ಲಿ ಶಕ್ತಿಯಿರುವವರ ಮಾತಾಯಿತು. ಉಳಿದವರಿಗೆ ಬೇರೆ ಬೇರೆ ದಾರಿಗಳಿವೆ. ಮತದಾನದ ದಿನ ಊರಿನಲ್ಲಿ ಇರಲಾಗದವರು ಅದಕ್ಕೂ ಮುಂಚೆಯೇ ತೆರೆಯುವ ಕೇಂದ್ರಗಳಲ್ಲಿ ಮತ ಹಾಕಬಹುದು. ತಮ್ಮ ಕ್ಷೇತ್ರದಿಂದ ದೂರವಿದ್ದರೆ ಅದೇ ರಾಜ್ಯದ ಯಾವ ಮತಗಟ್ಟೆಗಾದರೂ ಹೋಗಬಹುದು. ಮತ ತಾನಾಗಿ ಸ್ವಂತ ಕ್ಷೇತ್ರಕ್ಕೆ ತಲುಪುತ್ತದೆ. ಅಂಚೆಯ ಮೂಲಕವೂ ಕಳುಹಿಸಬಹುದು. ವೃದ್ಧರ ಆರೈಕೆ ಕೇಂದ್ರಗಳಿಗೆ, ದೂರದ ಒಳನಾಡಿನ ವಸತಿಗಳಿಗೆ ಚುನಾವಣಾ ಆಯೋಗದ ಸಂಚಾರಿ ತಂಡಗಳೇ ಮತಪೆಟ್ಟಿಗೆ ಹೊತ್ತು ಹೋಗುತ್ತವೆ.

ಕಣ್ಣು ಕಾಣದವರಿಗೆ ದೂರವಾಣಿ ಮತದಾನವಿದೆ. ಅದರ ಕ್ರಮ ಬಹಳ ಸರಳ, ಅಷ್ಟೇ ಜಾಣತನದ್ದು. ಮೊದಲು ಕರೆ ಮಾಡಿ ಹೆಸರು ಹೇಳಿ ಒಂದು ನೋಂದಣಿ ಸಂಖ್ಯೆ ಪಡೆಯಬೇಕು. ಆಮೇಲೆ ಮತ್ತೊಮ್ಮೆ ಕರೆ ಮಾಡಿದಾಗ ಬೇರೊಬ್ಬ ಸಿಬ್ಬಂದಿ ಆ ಸಂಖ್ಯೆಯನ್ನಷ್ಟೇ ಕೇಳಿ ಮತವನ್ನು ಬರೆದುಕೊಳ್ಳುತ್ತಾರೆ, ಇನ್ನೊಬ್ಬರು ಅದು ಸರಿಯಾಗಿದೆಯೇ ಎಂದು ನೋಡುತ್ತಾರೆ. ಮತ ಬರೆದುಕೊಂಡವರಿಗೆ ಹೆಸರು ಗೊತ್ತಿರುವುದಿಲ್ಲ, ಹೆಸರು ಗೊತ್ತಿದ್ದವರಿಗೆ ಮತ ಗೊತ್ತಿರುವುದಿಲ್ಲ. ಸರ್ಕಾರವೇ ಮುದ್ರಿಸಿದ ಮತಪತ್ರದ ಮೂಲಕ ನಡೆಯುವ ಗುಪ್ತ ಮತದಾನವನ್ನು 1856ರಲ್ಲೇ ಜಾರಿಗೆ ತಂದವು ಇಲ್ಲಿನ ವಿಕ್ಟೋರಿಯ ಮತ್ತು ದಕ್ಷಿಣ ಆಸ್ಟ್ರೇಲಿಯಾ. ಆ ಪರಂಪರೆ ದೂರವಾಣಿಯಲ್ಲೂ ಮುಂದುವರಿದಿದೆ.

ವೈದ್ಯನ ಮೇಜಿನ ಮೇಲಿನ ಅರ್ಜಿ

ಈ ವ್ಯವಸ್ಥೆಯ ಒಂದು ಎಳೆ ನೇರವಾಗಿ ನನ್ನ ಮೇಜಿಗೂ ಬರುತ್ತದೆ. ನೋಂದಣಿ ಮತ್ತು ಮತದಾನದ ಸ್ವರೂಪವನ್ನಾಗಲಿ ಮಹತ್ವವನ್ನಾಗಲಿ ಗ್ರಹಿಸಲು ಮಾನಸಿಕವಾಗಿ ಅಸಮರ್ಥನಾದ ವ್ಯಕ್ತಿಯ ಹೆಸರನ್ನು ಪಟ್ಟಿಯಿಂದ ತೆಗೆಯಲು ಇಲ್ಲಿನ ಕಾನೂನಿನಲ್ಲಿ ಅವಕಾಶವಿದೆ. ಅದಕ್ಕೆ ವೈದ್ಯರ ಪ್ರಮಾಣಪತ್ರ ಬೇಕು. ಚುನಾವಣೆ ಹತ್ತಿರವಾದಾಗಲೆಲ್ಲ ಮರೆವಿನ ಕಾಯಿಲೆಯವರ ಮಕ್ಕಳು ಆ ಅರ್ಜಿ ಹಿಡಿದು ಬರುತ್ತಾರೆ.

ಅಂಥವರಲ್ಲಿ ಒಬ್ಬ ತಾಯಿಯನ್ನು ನಾನು ಮರೆತಿಲ್ಲ. (ಗುರುತು ತಿಳಿಯದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.) ಯೌವನದಲ್ಲಿ ಗ್ರೀಸಿನಿಂದ ಹಡಗಿನಲ್ಲಿ ಬಂದು, ಇಲ್ಲಿನ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಮಾಡುತ್ತ ಮಕ್ಕಳನ್ನು ಓದಿಸಿದ ಹೆಂಗಸು. ಎಂಬತ್ತು ದಾಟಿತ್ತು. ನೆನಪಿನ ಪರೀಕ್ಷೆಯಲ್ಲಿ ಮೂವತ್ತಕ್ಕೆ ಹದಿನೇಳು ಅಂಕ. ಜೊತೆಗೆ ಬಂದಿದ್ದ ಮಗ ಒಳ್ಳೆಯವನೇ. ‘ಡಾಕ್ಟರ್, ಅಮ್ಮನಿಗೆ ಇವತ್ತು ಯಾವ ವಾರವೆಂದೂ ಗೊತ್ತಿಲ್ಲ. ದಂಡದ ಕಾಗದ ಬಂದರೆ ಗಾಬರಿಯಾಗುತ್ತಾಳೆ. ಹೆಸರು ತೆಗೆಸಿಬಿಡೋಣ’ ಎಂದ.

ಆತನನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ, ದುಭಾಷಿಯ ನೆರವಿನಿಂದ ತಾಯಿಯನ್ನು ಮಾತನಾಡಿಸಿದೆ. ಪ್ರಧಾನಿಯ ಹೆಸರು ಆಕೆಗೆ ನೆನಪಾಗಲಿಲ್ಲ. ಇಸವಿಯೂ ತಪ್ಪಿತು. ಚುನಾವಣೆಯೆಂದರೆ ಏನೆಂದು ಕೇಳಿದಾಗ ಮಾತ್ರ ತಡವರಿಸಲಿಲ್ಲ. ‘ಅವರು ನಮ್ಮನ್ನು ಕೇಳಿಕೊಂಡು ಬರುತ್ತಾರೆ. ಸರಿ ಇಲ್ಲದಿದ್ದರೆ ನಾವು ಕಳಿಸುತ್ತೇವೆ’ ಎಂದರು. ಬಳಿಕ ತಾವು ಯಾವಾಗಲೂ ಯಾರಿಗೆ ಹಾಕುತ್ತ ಬಂದಿದ್ದೇವೆ, ಏಕೆ ಎಂಬುದನ್ನೂ ಹೇಳಿದರು. ಕಾರ್ಖಾನೆಯ ಸಂಘ, ಅಂದಿನ ಕೂಲಿ, ಎಲ್ಲವೂ ಆ ಮಾತಿನಲ್ಲಿ ಬಂದವು.

ನಾನು ಸಹಿ ಹಾಕಲಿಲ್ಲ. ಒಂದು ಕೆಲಸಕ್ಕೆ ಬೇಕಾದ ಬುದ್ಧಿಯ ಸಾಮರ್ಥ್ಯವನ್ನು ಆ ಕೆಲಸದ ಮಟ್ಟಿಗೇ ಅಳೆಯಬೇಕು ಎಂಬುದು ವೈದ್ಯಶಾಸ್ತ್ರದ ಇಂದಿನ ನಿಲುವು. ಬ್ಯಾಂಕಿನ ವ್ಯವಹಾರ ನೋಡಿಕೊಳ್ಳಲಾಗದವರು, ಗ್ಯಾಸ್ ಒಲೆ ಆರಿಸಲು ಮರೆಯುವವರು ತಮ್ಮನ್ನು ಆಳುವವರ ಬಗ್ಗೆ ಅಭಿಪ್ರಾಯವಿಲ್ಲದವರೇನಲ್ಲ. ಅಷ್ಟಕ್ಕೂ ಚೆನ್ನಾಗಿ ನೆನಪಿರುವವರೆಲ್ಲ ಪ್ರಣಾಳಿಕೆ ಓದಿಯೇ ಮತ ಹಾಕುತ್ತಾರೆಯೇ? ಮಗನಿಗೆ ಎರಡು ವಿಷಯ ತಿಳಿಸಿದೆ. ಅನಾರೋಗ್ಯವು ಮತ ಹಾಕದಿರಲು ಒಪ್ಪಿತವಾದ ಕಾರಣ. ದಂಡದ ಕಾಗದ ಬಂದರೂ ಒಂದು ಉತ್ತರ ಬರೆದರೆ ಸಾಕು. ಶಾಶ್ವತ ಅಂಚೆ ಮತದಾರರಾಗಿ ನೋಂದಾಯಿಸಿದರೆ ಪ್ರತಿ ಚುನಾವಣೆಗೂ ಮತಪತ್ರ ತಾನಾಗಿಯೇ ಮನೆಗೆ ಬರುತ್ತದೆ. ಆತ ಸಮಾಧಾನದಿಂದಲೇ ಹೋದ.

ಸಹಿ ಹಾಕಿದ ಸಂದರ್ಭಗಳೂ ಇವೆ. ಕಾಯಿಲೆ ಕೊನೆಯ ಹಂತ ತಲುಪಿ, ಮಾತೂ ಗುರುತೂ ಅಳಿದುಹೋದವರ ಮನೆಗೆ ಪದೇ ಪದೇ ನೋಟಿಸು ಬರುವುದು ಯಾರಿಗೂ ಹಿತವಲ್ಲ. ಆಗಲೂ ಪೆನ್ನು ಭಾರವೆನಿಸುತ್ತದೆ. ಮರಣಪತ್ರದಲ್ಲಿ ನಾನು ದಾಖಲಿಸುವುದು ಆಗಿಹೋದ ಸಂಗತಿಯನ್ನು. ಈ ಪತ್ರದಲ್ಲಾದರೋ ಬದುಕಿರುವ ಒಬ್ಬ ಪ್ರಜೆಯ ಪ್ರಜಾತನದ ಒಂದು ಪಾಲನ್ನು ನನ್ನ ಸಹಿಯೇ ಕಳೆಯುತ್ತದೆ.

ಈ ವಿಷಯದಲ್ಲಿ ಭಾರತದ ಕಾನೂನು ಮತದಾರನ ಪರ ಹೆಚ್ಚು ಗಟ್ಟಿಯಾಗಿ ನಿಂತಿದೆ ಎಂಬುದನ್ನು ಇಲ್ಲಿಯ ಸಹೋದ್ಯೋಗಿಗಳಿಗೆ ಹೇಳಲು ನನಗೆ ಹೆಮ್ಮೆ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ಬುದ್ಧಿ ಸ್ವಾಧೀನದಲ್ಲಿಲ್ಲವೆಂಬ ಕಾರಣಕ್ಕೆ ಒಬ್ಬರನ್ನು ಅನರ್ಹಗೊಳಿಸಬೇಕಾದರೆ ಸಕ್ಷಮ ನ್ಯಾಯಾಲಯವೇ ಹಾಗೆಂದು ಘೋಷಿಸಿರಬೇಕು. ವೈದ್ಯನೊಬ್ಬನ ಚೀಟಿ ಸಾಲದು.

ಕಳೆದುಹೋದ 1,370 ಮತಪತ್ರಗಳು

ಇಲ್ಲಿ ಎಲ್ಲವೂ ಸುಸೂತ್ರವೆಂದು ಯಾರೂ ಭಾವಿಸಬೇಕಿಲ್ಲ. 2013ರ ಚುನಾವಣೆಯ ಬಳಿಕ ಪಶ್ಚಿಮ ಆಸ್ಟ್ರೇಲಿಯಾದ ಸೆನೆಟ್ ಮತಗಳ ಮರುಎಣಿಕೆ ನಡೆದಾಗ 1,370 ಮತಪತ್ರಗಳು ಕಾಣೆಯಾಗಿರುವುದು ಬೆಳಕಿಗೆ ಬಂತು. ಫಲಿತಾಂಶ ನಿಂತಿದ್ದದ್ದು ಹತ್ತು ಹದಿನೈದು ಮತಗಳ ಅಂತರದ ಮೇಲೆ. ಫೆಡರಲ್ ಪೊಲೀಸ್ ಪಡೆಯ ಮಾಜಿ ಮುಖ್ಯಸ್ಥ ಮಿಕ್ ಕೀಲ್ಟಿ ಅವರಿಂದ ತನಿಖೆ ನಡೆಯಿತು. ಆ ಕಾಗದಗಳ ಗತಿ ಏನಾಯಿತೆಂದು ಖಚಿತವಾಗಿ ಹೇಳಲು ಅವರಿಂದಲೂ ಆಗಲಿಲ್ಲ. ಆದರೆ ಸಾಗಾಟ ಮತ್ತು ದಾಸ್ತಾನಿನ ಲೋಪಗಳನ್ನು ಮುಚ್ಚುಮರೆಯಿಲ್ಲದೆ ಬರೆದರು. ನ್ಯಾಯಾಲಯ ಆ ಚುನಾವಣೆಯನ್ನು ಅಸಿಂಧುಗೊಳಿಸಿತು. ಚುನಾವಣಾ ಆಯುಕ್ತರು ರಾಜೀನಾಮೆ ಕೊಟ್ಟರು. 2014ರ ಏಪ್ರಿಲ್‌ನಲ್ಲಿ ಇಡೀ ರಾಜ್ಯವೇ ಮತ್ತೊಮ್ಮೆ ಮತ ಹಾಕಿತು.

ಒಳ್ಳೆಯ ಆಸ್ಪತ್ರೆಗಳಲ್ಲಿ ಅನಿರೀಕ್ಷಿತ ಸಾವು ಸಂಭವಿಸಿದಾಗ ಪರಾಮರ್ಶೆಯ ಸಭೆ ಸೇರುತ್ತದೆ. ಯಾರನ್ನು ದೂರಬೇಕು ಎಂಬುದಕ್ಕಿಂತ ಯಾವ ಹಂತದಲ್ಲಿ ಕೊಂಡಿ ತಪ್ಪಿತು ಎಂಬುದನ್ನು ಅಲ್ಲಿ ಹುಡುಕುತ್ತೇವೆ. ಚುನಾವಣೆಯಲ್ಲೂ ಅದೇ ಮನೋಭಾವ ಕಂಡು ನನಗೆ ಗೌರವ ಮೂಡಿತು.

ಅದೇ 2013ರಲ್ಲಿ ನ್ಯೂ ಸೌತ್ ವೇಲ್ಸ್ ರಾಜ್ಯದ ಸೆನೆಟ್ ಸ್ಥಾನಗಳಿಗೆ 110 ಅಭ್ಯರ್ಥಿಗಳಿದ್ದರು. ಮತಪತ್ರದ ಅಗಲ ಒಂದು ಮೀಟರು ಮೀರಿತ್ತು. ಅಕ್ಷರ ಎಷ್ಟು ಸಣ್ಣದೆಂದರೆ ಮತಗಟ್ಟೆಗಳಲ್ಲಿ ಭೂತಗನ್ನಡಿ ಹಾಳೆಗಳನ್ನು ಇಡಬೇಕಾಯಿತು. ಪಕ್ಷಗಳ ಒಳ ಒಪ್ಪಂದದಿಂದ ಮತಗಳು ಮತದಾರನಿಗೇ ತಿಳಿಯದ ಕಡೆಗೆ ಹರಿದುಹೋಗುತ್ತಿದ್ದವು. 2016ರಲ್ಲಿ ನಿಯಮ ಬದಲಾಯಿತು. ಈಗ ಮತದಾರನೇ ಕನಿಷ್ಠ ಆರು ಪಕ್ಷಗಳಿಗೆ ತನ್ನ ಇಷ್ಟದ ಕ್ರಮದಲ್ಲಿ ಸಂಖ್ಯೆ ಕೊಡುತ್ತಾನೆ.

ಬಗೆಹರಿಯದ ತೊಡಕುಗಳೂ ಇವೆ. ಕೆಳಮನೆಯ ಮತಪತ್ರದಲ್ಲಿ ಎಲ್ಲ ಅಭ್ಯರ್ಥಿಗಳಿಗೂ 1, 2, 3 ಎಂದು ಆದ್ಯತೆ ಬರೆಯಲೇಬೇಕು. ಒಂದು ಚೌಕ ಬಿಟ್ಟರೆ ಮತ ತಿರಸ್ಕೃತವಾಗುವ ಅಪಾಯವಿದೆ. ಪ್ರತಿ ಬಾರಿಯೂ ಶೇ 5ರಷ್ಟು ಮತಪತ್ರಗಳು ಹೀಗೆ ಅಥವಾ ಬೇರೆ ಕಾರಣಗಳಿಗೆ ಅಸಿಂಧುವಾಗುತ್ತವೆ. ಇಂಗ್ಲಿಷ್ ಮಾತೃಭಾಷೆಯಲ್ಲದವರು ಹೆಚ್ಚಾಗಿರುವ ಕ್ಷೇತ್ರಗಳಲ್ಲಿ ಆ ಪ್ರಮಾಣ ಇನ್ನೂ ಹೆಚ್ಚು. ಮತಗಟ್ಟೆಯವರೆಗೆ ಕರೆತಂದು ಅಲ್ಲಿ ಎಡವಿಸಿದಂತೆ ಇದು.

ನಮ್ಮೂರಿನ ಲೆಕ್ಕ

ಕರ್ನಾಟಕದಲ್ಲಿ 2023ರ ವಿಧಾನಸಭಾ ಚುನಾವಣೆಯಲ್ಲಿ 80 ದಾಟಿದವರಿಗೂ ತೀವ್ರ ಅಂಗವೈಕಲ್ಯವುಳ್ಳವರಿಗೂ ಮನೆಯಿಂದಲೇ ಮತ ಹಾಕುವ ಅವಕಾಶ ಮೊದಲ ಬಾರಿಗೆ ದೊರಕಿತು. 2024ರಲ್ಲಿ ಆ ವಯೋಮಿತಿಯನ್ನು 85ಕ್ಕೆ ಏರಿಸಿದರು. ಹಾಸನ ಜಿಲ್ಲೆಯ ಹಳ್ಳಿಯಲ್ಲಿರುವ ನನ್ನ ಅಮ್ಮ 12ಡಿ ನಮೂನೆ ತುಂಬಿಕೊಟ್ಟಿದ್ದರು. ಅಧಿಕಾರಿಗಳು ಮನೆಗೆ ಬಂದು, ಮರೆ ಕಟ್ಟಿ, ಮತಪತ್ರ ಕೊಟ್ಟು, ಲಕೋಟೆಯಲ್ಲಿ ಭದ್ರಪಡಿಸಿ ಒಯ್ದರಂತೆ. ಮೊಣಕಾಲು ನೋವಿನಿಂದ ಹಿಂದಿನ ಚುನಾವಣೆ ತಪ್ಪಿಸಿಕೊಂಡಿದ್ದ ಅಮ್ಮನಿಗೆ ಸಂತೋಷವಾಗಿತ್ತು. ಆದರೂ ಫೋನಿನಲ್ಲಿ, ‘ಎಲ್ಲ ಚೆನ್ನಾಗಿಯೇ ಆಯಿತಪ್ಪ. ಇಸ್ಕೂಲಿಗೆ ಹೋಗಿದ್ದರೆ ನಾಲ್ಕು ಜನ ಸಿಕ್ಕುತ್ತಿದ್ದರು’ ಎಂದರು. ಮತದಾನ ಹಕ್ಕು ಮಾತ್ರವಲ್ಲ, ಊರೊಟ್ಟಿಗಿನ ಕೂಟವೂ ಹೌದೆಂಬುದನ್ನು ಅವರು ಒಂದೇ ಮಾತಿನಲ್ಲಿ ಹೇಳಿದ್ದರು.

ಮನೆಯೇ ಮತಗಟ್ಟೆಯಾದಾಗ ಇನ್ನೊಂದು ಎಚ್ಚರವೂ ಬೇಕು. ಹೊರಗಿನವರ ಒತ್ತಡ ತಪ್ಪಬಹುದು, ಒಳಗಿನವರದು ಹೆಚ್ಚಬಹುದು. ‘ಅಜ್ಜಿಗೆ ಏನು ತಿಳಿಯುತ್ತದೆ, ನಾನೇ ಹಾಕುತ್ತೇನೆ’ ಎನ್ನುವ ಮೊಮ್ಮಗ ಮೆಲ್ಬರ್ನಿನಲ್ಲೂ ಇದ್ದಾನೆ, ಹಾಸನದಲ್ಲೂ ಇದ್ದಾನೆ.

ದಿನದ ಆಯ್ಕೆಯ ಸಂಗತಿ ನೋಡಿ. 2023ರಲ್ಲಿ ನಮ್ಮಲ್ಲಿ ಮತದಾನ ನಡೆದದ್ದು ಮೇ 10, ಬುಧವಾರ. ವಾರಾಂತ್ಯಕ್ಕೆ ಹೊಂದಿಕೊಂಡ ದಿನವಾದರೆ ಜನ ಪ್ರವಾಸಕ್ಕೆ ಹೋಗುತ್ತಾರೆಂದು ವಾರದ ನಡುವಿನ ದಿನವನ್ನು ಆರಿಸಿರುವುದಾಗಿ ಮುಖ್ಯ ಚುನಾವಣಾ ಆಯುಕ್ತರೇ ಹೇಳಿದ್ದರು. ಇಲ್ಲಿ ಬಿಡುವಿರುತ್ತದೆಂದು ಶನಿವಾರ. ಅಲ್ಲಿ ಬಿಡುವು ಸಿಗಬಾರದೆಂದು ಬುಧವಾರ. ಎರಡೂ ಕಡೆಯವರು ಬಯಸುವುದು ಒಂದನ್ನೇ, ಮತದಾರನ ಬಗೆಗಿನ ನಂಬಿಕೆ ಮಾತ್ರ ಬೇರೆ.

2024ರ ಏಪ್ರಿಲ್ 26ರಂದು ಮಂಡ್ಯ ಕ್ಷೇತ್ರದಲ್ಲಿ ಶೇ 81ಕ್ಕೂ ಹೆಚ್ಚು ಮತದಾನವಾದರೆ, ಅದೇ ದಿನ ಬೆಂಗಳೂರು ಉತ್ತರ, ಕೇಂದ್ರ, ದಕ್ಷಿಣ ಕ್ಷೇತ್ರಗಳಲ್ಲಿ ಶೇ 53–54ರ ಆಸುಪಾಸಿನಲ್ಲಿತ್ತು. ಬೆಂಗಳೂರಿನವರು ಸೋಮಾರಿಗಳೆಂದು ಬೈಯುವುದು ಸುಲಭ. ವೈದ್ಯಕೀಯ ಸಂಖ್ಯಾಶಾಸ್ತ್ರ ಕಲಿತ ನಾವು ಯಾವುದೇ ಶೇಕಡಾವಾರು ಕಂಡರೆ ಮೊದಲು ನೋಡುವುದು ಛೇದವನ್ನು. ಮನೆ ಬದಲಿಸಿದವರು, ತೀರಿಕೊಂಡವರು ಪಟ್ಟಿಯಲ್ಲಿ ಹಾಗೆಯೇ ಉಳಿದರೆ ಇರುವವರೆಲ್ಲ ಮತ ಹಾಕಿದರೂ ಪ್ರಮಾಣ ಏರುವುದಿಲ್ಲ. ಕಲಬುರಗಿಯಲ್ಲಿ ಹೆಸರಿದ್ದು ವೈಟ್‌ಫೀಲ್ಡಿನಲ್ಲಿ ದುಡಿಯುವ ಕಟ್ಟಡ ಕಾರ್ಮಿಕ ಎರಡೂ ಕಡೆ ಇಲ್ಲದವನಾಗುತ್ತಾನೆ. ವಲಸಿಗರು ಇದ್ದಲ್ಲಿಂದಲೇ ಮತ ಹಾಕುವ ಯಂತ್ರದ ಮಾದರಿಯನ್ನು ಭಾರತದ ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತ್ತು. ಅದು ಬಳಕೆಗೆ ಬರಲಿಲ್ಲ. ಪಟ್ಟಿ ಶುದ್ಧವಾಗದೆ, ಇದ್ದಲ್ಲಿಂದ ಮತ ಹಾಕುವ ದಾರಿ ತೆರೆಯದೆ ದಂಡ ವಿಧಿಸಿದರೆ ಅದು ಬೀಳುವುದು ಈ ಕಾರ್ಮಿಕನ ತಲೆಯ ಮೇಲೆಯೇ. ಆದ್ದರಿಂದಲೇ ‘ನಮ್ಮಲ್ಲೂ ದಂಡ ಹಾಕಬೇಕು’ ಎನ್ನುವವರಿಗೆ ನನ್ನ ಉತ್ತರ: ದಂಡ ಕೊನೆಯ ಮೆಟ್ಟಿಲು, ಮೊದಲನೆಯದಲ್ಲ.

ಹೊರಡುವವರಿಗೆ ಎರಡು ಮಾತು

ವಿದೇಶಕ್ಕೆ ಹೊರಟಿರುವ ತರುಣರು ವೀಸಾ, ಬಾಡಿಗೆ, ವಿಮೆಗಳ ಬಗ್ಗೆ ನನ್ನನ್ನು ಕೇಳುತ್ತಾರೆ. ಮತದ ಬಗ್ಗೆ ಕೇಳಿದವರಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ಭಾರತದ ಪೌರತ್ವ ಇರುವವರೆಗೆ ನಿಮ್ಮ ಮತ ನಿಮ್ಮದೇ. 2011ರಿಂದ ಅನಿವಾಸಿಗಳು 6ಎ ನಮೂನೆ ತುಂಬಿ, ಪಾಸ್‌ಪೋರ್ಟಿನಲ್ಲಿರುವ ಊರಿನ ವಿಳಾಸದಲ್ಲಿ ಹೆಸರು ಸೇರಿಸಬಹುದು. ಆದರೆ ಮತ ಹಾಕಲು ಮೂಲ ಪಾಸ್‌ಪೋರ್ಟ್ ಹಿಡಿದು ಆ ಮತಗಟ್ಟೆಗೇ ಹೋಗಬೇಕು. 2024ರಲ್ಲಿ ಹೀಗೆ ನೋಂದಾಯಿಸಿದ್ದವರು ಸುಮಾರು 1.2 ಲಕ್ಷ, ಬಂದು ಮತ ಹಾಕಿದವರು ಮೂರು ಸಾವಿರಕ್ಕೂ ಕಡಿಮೆ, ಅವರಲ್ಲಿ ಬಹುಪಾಲು ಕೇರಳದವರು. ಅಂಚೆ ಮತದ ಸೌಲಭ್ಯವನ್ನು ಅನಿವಾಸಿಗಳಿಗೂ ವಿಸ್ತರಿಸಲು ಸಿದ್ಧವೆಂದು ಆಯೋಗ 2020ರಲ್ಲೇ ಸರ್ಕಾರಕ್ಕೆ ತಿಳಿಸಿತ್ತು. ಅದು ಜಾರಿಯಾದರೆ ಕೊಲ್ಲಿಯಲ್ಲಿ ದುಡಿಯುವ ಕರಾವಳಿಯ ಹುಡುಗರಿಗೆ ಹೆಚ್ಚು ಉಪಕಾರವಾದೀತು. ಅವರಲ್ಲಿ ಹೆಚ್ಚಿನವರಿಗೆ ಆ ದೇಶಗಳ ಪೌರತ್ವವೂ ಸಿಗುವುದಿಲ್ಲ, ಆಗಾಗ ಬಂದು ಹೋಗಲು ರಜೆಯೂ ಸಿಗುವುದಿಲ್ಲ.

ಬೇರೆ ದೇಶದ ಪೌರತ್ವ ಪಡೆದ ಕ್ಷಣ ಭಾರತದ ಪೌರತ್ವ ಹೋಗುತ್ತದೆ, ಜೊತೆಗೆ ಮತವೂ. ಒಸಿಐ ಕಾರ್ಡಿನಿಂದ ವೀಸಾ ಉಳಿಯುತ್ತದೆ, ಮತ ಬರುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಕಾಯಂ ನಿವಾಸಿಯಾಗಿ ತೆರಿಗೆ ಕಟ್ಟುತ್ತಿದ್ದರೂ ಸಂಸತ್ ಚುನಾವಣೆಯಲ್ಲಿ ಮತವಿಲ್ಲ; ಪೌರತ್ವ ಪಡೆದ ಮೇಲೆ ಅದು ಕರ್ತವ್ಯ. ಬ್ರಿಟನ್ನಿನ ರೀತಿಯೇ ಬೇರೆ. ಕಾಮನ್‌ವೆಲ್ತ್ ಪ್ರಜೆಗಳೆಂಬ ನೆಲೆಯಲ್ಲಿ ಅಲ್ಲಿ ಕಾನೂನುಬದ್ಧವಾಗಿ ವಾಸಿಸುವ ಭಾರತೀಯರಿಗೆ, ವಿದ್ಯಾರ್ಥಿಗಳಿಗೂ ಸೇರಿ, ಅಲ್ಲಿನ ಸಂಸತ್ ಚುನಾವಣೆಯಲ್ಲೇ ಮತ ಹಾಕುವ ಹಕ್ಕಿದೆ. ಅಲ್ಲಿಗೆ ಹೋಗುವ ನರ್ಸುಗಳೂ ವಿದ್ಯಾರ್ಥಿಗಳೂ ತಮ್ಮ ಹೆಸರು ನೋಂದಾಯಿಸಿಕೊಳ್ಳಲಿ.

ನಾನು ಆಸ್ಟ್ರೇಲಿಯಾದ ಪ್ರಜೆಯಾದಾಗ ಈ ನೆಲದಲ್ಲಿ ನಮ್ಮವರ ಮತದ ಚರಿತ್ರೆ ಓದಿಕೊಂಡೆ. 1902ರ ಮತಾಧಿಕಾರ ಕಾಯ್ದೆ ಇಲ್ಲಿನ ಮೂಲನಿವಾಸಿಗಳನ್ನೂ ಏಷ್ಯಾದವರನ್ನೂ ಒಟ್ಟಿಗೇ ಹೊರಗಿಟ್ಟಿತ್ತು. 1922ರಲ್ಲಿ ವಿ.ಎಸ್. ಶ್ರೀನಿವಾಸ ಶಾಸ್ತ್ರಿಗಳು ಭಾರತದ ಪರವಾಗಿ ಬಂದು ಇಲ್ಲಿ ನೆಲೆಸಿದ್ದ ಭಾರತೀಯರ ಹಕ್ಕಿಗಾಗಿ ವಾದಿಸಿದರು. 1925ರಲ್ಲಿ ಬ್ರಿಟಿಷ್ ಇಂಡಿಯಾದವರಿಗೆ ಮತ ಸಿಕ್ಕಿತು. ಈ ಮಣ್ಣಿನ ಮೂಲನಿವಾಸಿಗಳೆಲ್ಲರಿಗೂ ಸಂಸತ್ ಚುನಾವಣೆಯ ಮತ ದೊರೆತದ್ದು 1962ರಲ್ಲಿ, ನಮ್ಮವರಿಗಿಂತಲೂ 37 ವರ್ಷ ತಡವಾಗಿ. ಸಾಲಿನಲ್ಲಿ ನಿಂತಾಗ ಈ ಎರಡು ಇಸವಿಗಳೂ ನನ್ನ ಮನಸ್ಸಿನಲ್ಲಿರುತ್ತವೆ.

ಕೊನೆಯದಾಗಿ ಮನೆಯಲ್ಲಿ ಹಿರಿಯರಿರುವ ಓದುಗರಲ್ಲಿ ಒಂದು ಕೋರಿಕೆ. ಚುನಾವಣೆ ಘೋಷಣೆಯಾಗುವವರೆಗೆ ಕಾಯಬೇಡಿ. ಅವರ ಹೆಸರು ಪಟ್ಟಿಯಲ್ಲಿದೆಯೇ ಎಂದು ಆಯೋಗದ ಜಾಲತಾಣದಲ್ಲಿ ಇಲ್ಲವೇ ಮತಗಟ್ಟೆ ಅಧಿಕಾರಿಯ ಬಳಿ ಈಗಲೇ ನೋಡಿ. 85 ದಾಟಿದ್ದರೆ ಅಧಿಸೂಚನೆ ಹೊರಟ ಐದು ದಿನಗಳೊಳಗೆ 12ಡಿ ನಮೂನೆ ತಲುಪಬೇಕೆಂಬುದು ನೆನಪಿರಲಿ. ನಡೆಯಬಲ್ಲವರಾದರೆ ಬಿಸಿಲೇರುವ ಮುನ್ನ, ನೀರಿನ ಬಾಟಲಿ ಹಿಡಿದು, ಮತಗಟ್ಟೆಗೇ ಕರೆದೊಯ್ಯಿರಿ. ಅಲ್ಲಿ ಅವರಿಗೆ ನಾಲ್ಕು ಜನ ಸಿಗುತ್ತಾರೆ. ಯಾರಿಗೆ ಹಾಕಬೇಕೆಂದು ಮಾತ್ರ ಹೇಳಿಕೊಡಬೇಡಿ. ಅದು ಅವರಿಗೆ ಗೊತ್ತಿರುತ್ತದೆ.